ದೀಪ ಬೆನ್ನ ಹಿಂದೆ, ನೆರಳು ಸೊಪ್ಪಿನ ಮೇಲೆ

ಹೋದ ತಿಂಗಳು ಬೆಂಗಳೂರಿನ ಒಂದು ಫ್ಲ್ಯಾಟಿಗೆ ಕರೆದಿದ್ದರು. ಅಡುಗೆಮನೆ ಒಂದಕ್ಕೇ 9 ಲೈಟು. "ಇಷ್ಟು ಹಾಕಿಸಿದ್ರೂ ಅತ್ತೆ ಏನೂ ಕಾಣಲ್ಲ ಅಂತಾರೆ ಮೇಡಂ" ಅಂದರು ಸೊಸೆ. ಅತ್ತೆ ಮಾತೇ ಆಡಲಿಲ್ಲ. ಅಡುಗೆ ಕಟ್ಟೆಯ ಮುಂದೆ ನಿಂತು ಮೆಂತ್ಯ ಸೊಪ್ಪು ಹೆಚ್ಚಲು ಶುರು ಮಾಡಿದರು. ಅವರ ತಲೆಯ ನೆರಳು ಸರಿಯಾಗಿ ಕಟ್ಟಿಂಗ್ ಬೋರ್ಡಿನ ಮೇಲೇ ಬಿದ್ದಿತ್ತು.

ಲೈಟು ಕಡಿಮೆ ಇರಲಿಲ್ಲ, ಎಲ್ಲವೂ ಬೆನ್ನ ಹಿಂದೆ ಇದ್ದವು. ಫಾಲ್ಸ್ ಸೀಲಿಂಗ್ ಮಾಡುವವರು ಮೇಲೆ ನೋಡಿ ಸಾಲು ಹೊಂದಿಸುತ್ತಾರೆ. ಕೆಳಗೆ ಯಾರು ಎಲ್ಲಿ ನಿಲ್ಲುತ್ತಾರೆ ಅನ್ನೋದು ಆ ಡ್ರಾಯಿಂಗಿನಲ್ಲಿ ಇರೋದೇ ಇಲ್ಲ. ಬೈಯೋಕೂ ನನಗೆ ಬಾಯಿಲ್ಲ ಬಿಡಿ, ಲೈಟು ಹಾಕಿಸಿಕೊಟ್ಟ ಮೊದಲ ಎರಡು ಮೂರು ಮನೆಗಳಲ್ಲಿ ನಾನೂ ಹೀಗೇ ಮಾಡಿದ್ದೆ.

ಕಟ್ಟೆ ಸಾಮಾನ್ಯವಾಗಿ 24 ಇಂಚು ಅಗಲ. ಮೇಲಿನ ಕ್ಯಾಬಿನೆಟ್ಟು 12ರಿಂದ 14 ಇಂಚು ಮುಂದೆ ಬಂದಿರುತ್ತದೆ. ಹಿಂದಿನಿಂದ ಬರುವ ಬೆಳಕನ್ನು ನೀವು ತಡೆಯುತ್ತೀರಿ, ಮೇಲಿನಿಂದ ಬರುವುದನ್ನು ಕ್ಯಾಬಿನೆಟ್ಟು ತಡೆಯುತ್ತದೆ. ಇದಕ್ಕೆ ಮದ್ದು ಕ್ಯಾಬಿನೆಟ್ಟಿನ ತಳಕ್ಕೆ ಪ್ರೊಫೈಲ್ ಲೈಟ್, ಅಂದರೆ ಉದ್ದನೆಯ ಲೋಹದ ಪಟ್ಟಿಯೊಳಗೆ ಕೂರಿಸಿದ ಎಲ್‌ಇಡಿ ಸ್ಟ್ರಿಪ್. ಅದನ್ನು ಗೋಡೆಯ ಕಡೆ ಹಾಕಬೇಡಿ, ಮುಂದಿನ ಅಂಚಿನ ಹತ್ತಿರ ಹಾಕಿಸಿ. ಗೋಡೆಗೆ ಅಂಟಿಸಿದರೆ ಬೆಳಕೆಲ್ಲ ಟೈಲ್ಸಿಗೇ ಹೋಗುತ್ತದೆ. ಲೈಟಿಗೆ ಹಾಲುಬಣ್ಣದ ಮುಚ್ಚಳ ಇರಲೇಬೇಕು. ಇಲ್ಲದಿದ್ದರೆ ಪಾಲಿಶ್ ಮಾಡಿದ ಗ್ರಾನೈಟಿನಲ್ಲಿ ಒಂದೊಂದು ಎಲ್‌ಇಡಿಯೂ ಚುಕ್ಕಿ ಚುಕ್ಕಿಯಾಗಿ ಕಣ್ಣಿಗೆ ಹೊಡೆಯುತ್ತದೆ. ಎಲ್‌ಇಡಿಗೆ ಕರೆಂಟ್ ಹೊಂದಿಸಿ ಕೊಡುವ ಡಬ್ಬಿ, ಅಂದರೆ ಡ್ರೈವರನ್ನು, ಕೈಗೆ ಸಿಗುವ ಕಡೆ ಇಡಿಸಿ. ಬಹಳ ಸಲ ಸ್ಟ್ರಿಪ್ಪಿಗಿಂತ ಮೊದಲು ಕೆಡುವುದು ಅದೇ. ಟೈಲ್ಸ್ ಹಾಕುವ ಮೊದಲೇ ಒಂದು ಪಾಯಿಂಟ್ ಬಿಡಿಸಿಕೊಂಡರೆ ಇಷ್ಟೂ ಸುಲಭ. ಆಮೇಲಾದರೆ ವೈರನ್ನು ಕ್ಯಾಬಿನೆಟ್ಟಿನ ಒಳಗಿಂದ ಎಳೆಯಬೇಕು.

ಅತ್ತೆಯವರಿಗೆ 68. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. 20ರ ಕಣ್ಣಿಗೆ ಸಿಗುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ 60ರ ಕಣ್ಣಿನ ಒಳಪದರಕ್ಕೆ ತಲುಪುತ್ತದೆ. ಸೊಸೆಗೆ ಝಗಮಗ ಅನಿಸಿದ ಅಡುಗೆಮನೆ ಅತ್ತೆಗೆ ಮಬ್ಬು ಅನಿಸಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಇನ್ನು ಬಣ್ಣ. ಬಲ್ಬಿನ ಡಬ್ಬಿಯ ಮೇಲೆ 2700, 4000, 6500 ಅಂತ ಕೆಲ್ವಿನ್ ಅಂಕೆ ಇರುತ್ತದೆ. ಅಂಕೆ ಕಡಿಮೆಯಾದಷ್ಟೂ ಬೆಳಕು ಹಳದಿ. 6500 ಅಂದರೆ ನಮ್ಮ ಹಳೇ ಟ್ಯೂಬ್‌ಲೈಟಿನ ಬಿಳುಪು. ಅಡುಗೆ ಕಟ್ಟೆಗೆ ನಾನು 4000 ಕೊಡುತ್ತೇನೆ, ಮಲಗುವ ಕೋಣೆಗೆ 3000 ಸಾಕು. ಒಂದೇ ಹಾಲಿನಲ್ಲಿ ಎರಡನ್ನೂ ಬೆರೆಸಿದರೆ ಗೋಡೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಡಬ್ಬಿಯ ಮೇಲೆ ಸಿಆರ್‌ಐ ಅಂಕೆಯನ್ನೂ ನೋಡಿ, ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನೋದಕ್ಕೆ 100ರವರೆಗಿನ ಅಳತೆ ಅದು. ಕನ್ನಡಿಯ ಹತ್ತಿರ, ಬೀರುವಿನ ಹತ್ತಿರ 90 ಇರಲಿ. ಕಡಿಮೆ ಇದ್ದರೆ ಮನೆಯಲ್ಲಿ ಹೊಂದಿದ ರವಿಕೆ ಮದುವೆ ಮಂಟಪದಲ್ಲಿ ಸೀರೆಗೆ ಹೊಂದದೇ ಹೋಗಬಹುದು, ಅಲ್ವಾ? ಪೇಂಟ್ ಕೂಡ ಅಷ್ಟೇ. ಅಂಗಡಿಯಲ್ಲಿ ಕಾರ್ಡ್ ನೋಡಿ ಸುಮ್ನೆ ಒಪ್ಪಿಕೊಳ್ಳಬೇಡಿ. ನಿಮ್ಮ ಗೋಡೆಗೇ ಎರಡಡಿ ಬಳಿಸಿ, ರಾತ್ರಿ ದೀಪ ಹಾಕಿ ನೋಡಿ.

ದೇವರ ಮನೆಯ ಬಗ್ಗೆ ಒಂದು ಮಾತು. ಲೈಟನ್ನು ನೆತ್ತಿಯ ಮೇಲೆ ನೇರ ಹಾಕಿಸಿದರೆ ಕಿರೀಟ ಹೊಳೆಯುತ್ತದೆ, ದೇವರ ಮುಖ ಕಪ್ಪಾಗುತ್ತದೆ. ಸ್ವಲ್ಪ ಮುಂದಿನಿಂದ ಓರೆಯಾಗಿ ಬೀಳಲಿ.

ಆ ಫ್ಲ್ಯಾಟಿನಲ್ಲಿ ಈಗ ಪ್ರೊಫೈಲ್ ಲೈಟ್ ಬಂದಿದೆ, 9ರಲ್ಲಿ 2 ಮಾತ್ರ ಉರಿಯುತ್ತವೆ. ಸ್ವಿಚ್ ಫ್ರಿಜ್ಜಿನ ಹಿಂದೆ ಹೋಗಿಬಿಟ್ಟಿದೆ, ಅತ್ತೆಯವರಿಗೆ ಕೈ ಎಟುಕಲ್ಲ. ಅದಕ್ಕೆ ಸೋಮವಾರ ಎಲೆಕ್ಟ್ರಿಶಿಯನ್ನನ್ನು ಕರಕೊಂಡು ಮತ್ತೆ ಹೋಗಬೇಕು.