ಚಳಿಗಾಲದಲ್ಲಿ ಕುಂಡ ಒಳಗಲ್ಲ, ಹೊರಗಿಡಿ

ದೀಪಾವಳಿ ಹತ್ತಿರ ಬಂದಾಗ ನನಗೆ ಬರುವ ಫೋನುಗಳಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ: "ಸರ, ಚಳಿಗಾಲಕ್ಕ ಮನಿ ಒಳಗ ಯಾವ ಗಿಡ ಇಡಬೇಕ್ರಿ?" ಕೇಳುವವರು ಹಿಮ ಬೀಳುವ ಯಾವುದೋ ದೇಶದ ವಿಡಿಯೋ ನೋಡಿರುತ್ತಾರೆ. ಅಲ್ಲಿನವರು ಚಳಿಗೆ ಕುಂಡ ಒಳಗೆ ತರಲೇಬೇಕು. ರಾಯಚೂರಿನಲ್ಲಿ ಡಿಸೆಂಬರ್ ಮಧ್ಯಾಹ್ನವೂ 30 ಡಿಗ್ರಿ ಆಸುಪಾಸು ಇರುತ್ತದೆ. ಇಲ್ಲಿ ಗಿಡಕ್ಕೆ ಕಷ್ಟದ ಕಾಲ ಏಪ್ರಿಲ್, ಮೇ. ದಸರಾದಿಂದ ಶಿವರಾತ್ರಿವರೆಗೆ ಹಿತ್ತಲಲ್ಲಿ ಏನು ಹಾಕಿದರೂ ಬರುತ್ತದೆ. ಅಂಥ ಕಾಲದಲ್ಲಿ ಕುಂಡಗಳನ್ನು ಎತ್ತಿ ಹಾಲ್‌ನಲ್ಲಿ ಇಡುವುದು ಯಾಕೆ ಹೇಳಿ?

ಹೊರಗಿಡುವಾಗ ಒಂದು ಲೆಕ್ಕ ನೋಡಬೇಕು. ರಾಯಚೂರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಗೋಡೆಗೆ ನೆರಳೇ ಇರುವುದಿಲ್ಲ. ಡಿಸೆಂಬರ್‌ನಲ್ಲಿ ಅವನು ದಕ್ಷಿಣಕ್ಕೆ ಸರಿಯುತ್ತಾನೆ. ಆಗ 10 ಅಡಿ ಗೋಡೆಯ ನೆರಳು ನಡುಮಧ್ಯಾಹ್ನವೂ ಉತ್ತರಕ್ಕೆ ಸುಮಾರು 8 ಅಡಿ ಚಾಚುತ್ತದೆ. ನಿಮ್ಮ ಹಿತ್ತಲು ಮನೆಯ ಉತ್ತರಕ್ಕಿದ್ದರೆ, ಗೋಡೆಗೆ ಒತ್ತಿಕೊಂಡು ಹಾಕಿದ ಟೊಮೆಟೊ ಚಳಿಗಾಲಪೂರ್ತಿ ಬಿಸಿಲೇ ಕಾಣುವುದಿಲ್ಲ. ಮಡಿಯನ್ನು ಗೋಡೆಯಿಂದ ದೂರ ಮಾಡಿ. ಇಲ್ಲವೇ ಕುಂಡಗಳನ್ನು ಮನೆಯ ದಕ್ಷಿಣಕ್ಕೆ ಒಯ್ಯಿರಿ. ಬೇಸಿಗೆಗೆ ಕಟ್ಟಿದ ಹಸಿರು ನೆಟ್ ಇನ್ನೂ ಹಾಗೇ ಇದ್ದರೆ ಅದನ್ನೂ ಬಿಚ್ಚಿ ಸುತ್ತಿಡಿ. ನೆಟ್ ಕೆಳಗೆ ಟೊಮೆಟೊ, ಬದನೆ ಸುಮ್ನೆ ಉದ್ದುದ್ದ ಬೆಳೆಯುತ್ತವೆ, ಕಾಯಿ ಹಿಡಿಯುವುದು ಕಡಿಮೆ.

ಇನ್ನು ಮಣ್ಣು. ಹೊಲದಿಂದ ಒಂದು ಚೀಲ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ತಂದು ಕುಂಡ ತುಂಬುವವರೇ ಜಾಸ್ತಿ. "ಹತ್ತಿ, ಜೋಳ ಬೆಳೆಯೋ ಮಣ್ಣು, ಗುಲಾಬಿ ಬರಂಗಿಲ್ಲೇನ್ರಿ?" ಅನ್ನುತ್ತಾರೆ. ಹೊಲದ ಮಾತು ಬೇರೆ, ಕುಂಡದ ಮಾತು ಬೇರೆ. ಎರೆ ಮಣ್ಣು ಒಣಗಿದರೆ ಕುಗ್ಗಿ ಕುಂಡದ ಅಂಚು ಬಿಡುತ್ತದೆ. ನೀರು ಹಾಕಿದರೆ ಆ ಸಂದಿಯಲ್ಲೇ ಇಳಿದು ತಳದ ತೂತಿನಿಂದ ಹೊರಗೆ ಬರುತ್ತದೆ. ನಡುವಿನ ಬೇರು ಒಣಗೇ ಇರುತ್ತದೆ. ಪೂರ್ತಿ ನೆನೆಸಿದರೆ ಇನ್ನೊಂದು ಪಜೀತಿ: ಬೇಗ ಆರುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೇ ನಾನು ಹೇಳುವ ಮಿಶ್ರಣ ಇದು: ಎರಡು ಬುಟ್ಟಿ ಮಸಾರಿ (ಕೆಂಪು) ಮಣ್ಣು, ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಬುಟ್ಟಿ ಭತ್ತದ ಹೊಟ್ಟು. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್‌ಗಳ ಹತ್ತಿರ ಇದ್ದುಕೊಂಡು ದುಡ್ಡು ಕೊಟ್ಟು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತರಿಸುವುದು ನನಗೆ ಇಷ್ಟವಿಲ್ಲ. ಹೊಟ್ಟು ಒಂದು ಮಳೆಗಾಲ ನೆನೆದು ಹಳತಾಗಿದ್ದರೆ ಇನ್ನೂ ಒಳ್ಳೆಯದು. ಮಿಲ್ಲಿನ ಬೂದಿ ಮಾತ್ರ ಸುರಿಯಬೇಡಿ, ಅದು ಕ್ಷಾರ. ನಮ್ಮ ಕಡೆಯ ಮಣ್ಣಿನಲ್ಲಿ ಕ್ಷಾರ ಮೊದಲೇ ಸಾಕಷ್ಟಿದೆ.

ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುವುದಕ್ಕೂ ಈ ಕ್ಷಾರವೇ ಕಾರಣ. ದಾಸವಾಳ, ಗುಲಾಬಿ, ಕರಿಬೇವು ಮೂರರಲ್ಲೂ ಇದನ್ನು ನೋಡುತ್ತೇನೆ. ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಬೇರಿಗೆ ಮಾತ್ರ ಸಿಗುವುದಿಲ್ಲ. ಜನ ನೀರು ಕಡಿಮೆಯಾಯಿತೆಂದು ಇನ್ನಷ್ಟು ಬೋರ್ ನೀರು ಹಾಕುತ್ತಾರೆ, ಅದರಲ್ಲೂ ಕ್ಷಾರವೇ, ಹಳದಿ ಇನ್ನೂ ಹೆಚ್ಚುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ವಾರ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಗೋಡೆ, ಬಟ್ಟೆಗೆ ತಾಗಿದರೆ ತುಕ್ಕಿನ ಕಲೆ ಬೀಳುತ್ತದೆ, ಹುಷಾರು.

ಸೊಪ್ಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೆಂತೆ ಮೂರ್ನಾಲ್ಕು ದಿನಕ್ಕೆ ಹುಟ್ಟಿ ತಿಂಗಳೊಳಗೆ ಕೈಗೆ ಬರುತ್ತದೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿಯೇ ಹಾಕಿ, ಮೊಳಕೆಗೆ ಹತ್ತು ದಿನ ಕಾಯಿರಿ. ಸಬ್ಬಸಿಗೆ, ಪಾಲಕ್, ಮೂಲಂಗಿ, ಹಕ್ಕರಿಕೆ ಎಲ್ಲವೂ ಇದೇ ಕಾಲದವು. ಒಂದೇ ದಿನ ಎಲ್ಲ ಬೀಜ ಬಿತ್ತಬೇಡಿ. ವಾರಕ್ಕೊಂದು ಸಾಲು ಹಾಕಿದರೆ ವಾರಕ್ಕೊಮ್ಮೆ ಪಲ್ಯ.

ಹೂವಿನಲ್ಲಿ ನನಗೆ ಹೆಚ್ಚು ದೂರು ಬರುವುದು ಸೇವಂತಿಗೆಯ ಮೇಲೆ. ಬಳ್ಳಾರಿಯ ಒಬ್ಬ ಅಮ್ಮ ಒಮ್ಮೆ ಕೇಳಿದರು: "ಗಿಡ ದಟ್ಟ ಆಗೈತ್ರಿ, ಒಂದ್ ಮೊಗ್ಗೂ ಇಲ್ಲ ನೋಡ್ರಿ. ಯಾವ ಗೊಬ್ಬರ ಹಾಕ್ಲಿ?" ಗೊಬ್ಬರದ್ದೇನೂ ತಪ್ಪಿರಲಿಲ್ಲ. ಕುಂಡ ಗೇಟಿನ ಪಕ್ಕ ಇತ್ತು, ಮೇಲೆ ರಾತ್ರಿಯಿಡೀ ಉರಿಯುವ ಬೀದಿ ದೀಪ. ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಕತ್ತಲೆಯ ನಡುವೆ ಬೆಳಕು ಬಿದ್ದರೆ ಅದಕ್ಕೆ ಇನ್ನೂ ಬೇಸಿಗೆಯೇ, ಎಲೆ ಬಿಡುತ್ತಲೇ ಹೋಗುತ್ತದೆ. ಹೂವಿನ ಬೆಳೆಗಾರರು ಬೇಕೆಂದೇ ರಾತ್ರಿ ಬಲ್ಬ್ ಹಚ್ಚಿ ಹೂವನ್ನು ಮುಂದೂಡುತ್ತಾರೆ, ಮಾರುಕಟ್ಟೆಯ ದರ ನೋಡಿ ಆರಿಸುತ್ತಾರೆ. ನಮಗೆ ಮಾರುವ ಚಿಂತೆ ಇಲ್ಲ, ಸಂಜೆ ಆರರ ನಂತರ ಬೆಳಕು ಬೀಳದ ಮೂಲೆಗೆ ಕುಂಡ ಸರಿಸಿದರೆ ಸಾಕು. ಕ್ರಿಸ್‌ಮಸ್ ಹೊತ್ತಿಗೆ ನರ್ಸರಿಯಲ್ಲಿ ಸಿಗುವ ಕೆಂಪೆಲೆಯ ಪಾಯಿನ್‌ಸೆಟಿಯಾದ ಸ್ವಭಾವವೂ ಇದೇ. ಅದನ್ನು ಟಿವಿ ಪಕ್ಕ ಇಟ್ಟುಕೊಂಡವರಿಗೆ ಮುಂದಿನ ವರ್ಷ ಹಸಿರೆಲೆ ಮಾತ್ರ ಗ್ಯಾರಂಟಿ.

ಬಚ್ಚಲ ನೀರನ್ನು ಹಿತ್ತಲಿಗೆ ಬಿಡುವುದು ನಮ್ಮಲ್ಲಿ ಹಳೆಯ ರೂಢಿ, ಬಾಳೆ, ಕೆಸುವಿಗೆ ಅದು ನಡೆಯುತ್ತದೆ. ಆದರೆ ವಾಷಿಂಗ್ ಮಷೀನ್ ನೀರನ್ನು ಎರೆ ಮಣ್ಣಿಗೆ ಬಿಡಬೇಡಿ. ಡಿಟರ್ಜೆಂಟ್ ಪುಡಿಯಲ್ಲಿ ಸೋಡಿಯಂ ಹೆಚ್ಚಿರುತ್ತದೆ. ಅದು ಸೇರುತ್ತಾ ಹೋದರೆ ಮಣ್ಣು ಮುಚ್ಚಿಕೊಂಡು ನೀರೇ ಇಂಗುವುದಿಲ್ಲ. ತುಂಗಭದ್ರಾ ಕಾಲುವೆ ಕೆಳಗಿನ ರೈತರನ್ನು ಕೇಳಿ, ಸವಳು, ಅಂದರೆ ಉಪ್ಪು-ಕ್ಷಾರ ಸೇರಿ ಮಣ್ಣು ಕೆಡುವುದು, ಏನೆಂದು ಹೇಳುತ್ತಾರೆ. ಮಣ್ಣು ಆಗಲೇ ಕೆಟ್ಟಿದೆ ಅನ್ನಿಸಿದರೆ ಕಣ್ಣಂದಾಜಿನಲ್ಲಿ ಜಿಪ್ಸಂ ಹಾಕಬೇಡಿ. ಅರ್ಧ ಕಿಲೋದಷ್ಟು ಮಣ್ಣು ಪರೀಕ್ಷೆಗೆ ಕೊಡಿ. ಗಂಗಾವತಿ ಮತ್ತು ಬಳ್ಳಾರಿ ಹತ್ತಿರದ ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ.

ಮನೆಯೊಳಗೆ ಗಿಡ ಬೇಡವೇ ಬೇಡ ಅನ್ನುತ್ತಿಲ್ಲ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಸಿಂಗೋನಿಯಂ ಕಿಟಕಿಯ ಬೆಳಕಿನಲ್ಲಿ ಚೆನ್ನಾಗಿರುತ್ತವೆ. ನೋಡಲು ಚೆಂದ, ಇಡಿ. ಗಾಳಿ ಶುದ್ಧವಾಗುತ್ತದೆ ಎಂಬ ಆಸೆಗೆ ಮಾತ್ರ ಇಡಬೇಡಿ. 1989ರ ನಾಸಾ ಅಧ್ಯಯನವನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದು ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಕಿಟಕಿ ಬಾಗಿಲು ತೆರೆದಿರುವ ಮನೆಯಲ್ಲಿ ನಾಲ್ಕು ಕುಂಡಗಳಿಂದ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ. ಒಳಗಿನ ಗಿಡ ಸಾಯುವುದು ಹೆಚ್ಚಾಗಿ ನೀರು ಜಾಸ್ತಿಯಾಗಿ. ಬೆರಳು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ, ಹಸಿ ಇದ್ದರೆ ಅವತ್ತು ನೀರು ಬೇಡ. ಚಳಿಗಾಲದಲ್ಲಿ ಸ್ನೇಕ್ ಪ್ಲಾಂಟ್‌ಗೆ ಎರಡು ವಾರಕ್ಕೊಮ್ಮೆ ಕೊಟ್ಟರೂ ಸಾಕು. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಮನಿ ಪ್ಲಾಂಟ್, ಡಂಬ್ ಕೇನ್ ಎರಡನ್ನೂ ಕೈಗೆ ಸಿಗದಷ್ಟು ಎತ್ತರದಲ್ಲಿಡಿ. ಎಲೆ ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ.