ಅಮೆರಿಕದ ಗ್ರಾಜುಯೇಟ್ ಸ್ಕೂಲ್‌ ಅರ್ಜಿ: ಡೊಮೆಸ್ಟಿಕ್ಕಾ, ಇಂಟರ್‌ನ್ಯಾಷನಲ್ಲಾ?

ಅಮೆರಿಕದಲ್ಲಿ ಮಾಸ್ಟರ್ಸ್, ಪಿಎಚ್‌ಡಿ ಓದನ್ನೇ ಗ್ರಾಜುಯೇಟ್ ಸ್ಕೂಲ್ ಅನ್ನುತ್ತಾರೆ. ಅದರ ಅರ್ಜಿ ಫಾರ್ಮ್ ತೆರೆದ ಕೂಡಲೇ ಎದುರಾಗುವ ಪ್ರಶ್ನೆ, ನೀವು ಡೊಮೆಸ್ಟಿಕ್ಕಾ, ಇಂಟರ್‌ನ್ಯಾಷನಲ್ಲಾ ಅಂತ. ನಾನು ಮೊದಲ ಸಲ ನೋಡಿದಾಗ ಇದನ್ನು ವಿಳಾಸದ ಪ್ರಶ್ನೆ ಅಂದುಕೊಂಡಿದ್ದೆ. ಅಲ್ಲ. ನೀವು ಯಾವ ದೇಶದಲ್ಲಿ ಕೂತು ಅರ್ಜಿ ತುಂಬುತ್ತಿದ್ದೀರಿ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅಮೆರಿಕದ ಪ್ರಜೆಗಳು, ಗ್ರೀನ್ ಕಾರ್ಡ್ ಇರುವ ಕಾಯಂ ನಿವಾಸಿಗಳು ಡೊಮೆಸ್ಟಿಕ್. ವೀಸಾ ಮೇಲೆ ಇರುವವರು, ವೀಸಾ ಪಡೆದು ಬರಬೇಕಾದವರು ಇಂಟರ್‌ನ್ಯಾಷನಲ್. ಹಾಗಾಗಿ ನಾಲ್ಕು ವರ್ಷ ಅಮೆರಿಕದಲ್ಲೇ ಬ್ಯಾಚುಲರ್ ಮಾಡಿದ ಎಫ್-1 (ವಿದ್ಯಾರ್ಥಿ ವೀಸಾ) ವಿದ್ಯಾರ್ಥಿ ಇಂಟರ್‌ನ್ಯಾಷನಲ್. ಹುಟ್ಟಿನಿಂದ ಅಮೆರಿಕದ ಪಾಸ್‌ಪೋರ್ಟ್ ಇದ್ದು, ಓದೆಲ್ಲ ಬೇರೆ ದೇಶದಲ್ಲಿ ಮುಗಿಸಿದವರು ಡೊಮೆಸ್ಟಿಕ್.

ಟಿಪ್ಪಣಿ ಮಾಡುತ್ತಾ ಹೋದಂತೆ ನನಗೆ ಗೊತ್ತಾದದ್ದು ಏನೆಂದರೆ, ಈ ಒಂದು ಪ್ರಶ್ನೆಯೊಳಗೆ ನಾವು ಮೂರು ಪ್ರಶ್ನೆಗಳನ್ನು ಕಲಸಿಬಿಟ್ಟಿರುತ್ತೇವೆ. ಒಂದು, ನಿಮ್ಮ ಪೌರತ್ವ ಅಥವಾ ವೀಸಾ ಏನು? ಹಣ ಮತ್ತು ವೀಸಾ ಕಾಗದಗಳು ಇದರ ಮೇಲೆ ನಿಂತಿವೆ. ಎರಡು, ಹಿಂದಿನ ಡಿಗ್ರಿ ಎಲ್ಲಿ, ಯಾವ ಭಾಷೆಯಲ್ಲಿ ಮಾಡಿದಿರಿ? ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆ ಇದಕ್ಕೆ ಸೇರಿದ್ದು. ಮೂರು, ಆ ರಾಜ್ಯದ ನಿವಾಸಿಯೇ? ಸರ್ಕಾರಿ ವಿಶ್ವವಿದ್ಯಾಲಯಗಳ ಫೀಸು ಇದರಿಂದ ತೀರ್ಮಾನವಾಗುತ್ತದೆ. ಈ ಮೂರನ್ನು ಬಿಡಿಸಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಮೇಲೆ ಹೇಳಿದ ಅಮೆರಿಕ ಪಾಸ್‌ಪೋರ್ಟಿನವರನ್ನೇ ನೋಡಿ. ಅವರಿಗೆ ವೀಸಾ ಬೇಡ, ಆದರೆ ಇಂಗ್ಲಿಷ್ ಪರೀಕ್ಷೆ ಕೇಳಿದರೂ ಕೇಳಬಹುದು.

ಇನ್ನು ನಿಮ್ಮ ಕೆಲಸ, ಬರಹ, ಶಿಫಾರಸು ಪತ್ರ ಇವುಗಳ ಮಟ್ಟಿಗೆ ಇಬ್ಬರಿಗೂ ಒಂದೇ ಅಳತೆ. ನನ್ನ ಸಮಯದ ಮುಕ್ಕಾಲು ಪಾಲು ಅಲ್ಲೇ ಹೋಯಿತು. ಹೋಗಬೇಕಾದದ್ದೂ ಅಲ್ಲೇ.

ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ

ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಶುರುವಾಗುವ ಓದಿಗೆ ಫಾಲ್ ಪ್ರವೇಶ ಅನ್ನುತ್ತಾರೆ. ಪಿಎಚ್‌ಡಿ ಅರ್ಜಿಗಳು ಹೆಚ್ಚಾಗಿ ಹಿಂದಿನ ವರ್ಷದ ಡಿಸೆಂಬರ್ ಮೊದಲ ಹದಿನೈದು ದಿನಗಳಲ್ಲೇ ಮುಗಿಯುತ್ತವೆ. ಮಾಸ್ಟರ್ಸ್‌ಗೆ ಜನವರಿ, ಫೆಬ್ರವರಿ, ಕೆಲವು ಕಡೆ ಇನ್ನೂ ತಡ. ಒಂದೇ ಕೋರ್ಸಿಗೆ ಎರಡು ಕೊನೆಯ ದಿನ ಇರುವುದೂ ಉಂಟು, ಇಂಟರ್‌ನ್ಯಾಷನಲ್‌ಗೆ ಮೊದಲು, ಡೊಮೆಸ್ಟಿಕ್‌ಗೆ ಆಮೇಲೆ. ವೀಸಾ ಕೆಲಸಕ್ಕೆ ತಿಂಗಳುಗಳು ಬೇಕಲ್ವಾ, ಅದಕ್ಕೆ. ಪುಟದಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ದಿನಾಂಕ ನಿಮ್ಮದಲ್ಲದೆ ಇರಬಹುದು.

ರಾತ್ರಿ 11:59 ಅಂತ ಬರೆದಿದ್ದರೆ ಯಾರ ರಾತ್ರಿ ಅಂತ ನೋಡಿ. ಅಮೆರಿಕದ ಪೂರ್ವ ಕರಾವಳಿಗೂ ಪಶ್ಚಿಮ ಕರಾವಳಿಗೂ ಮೂರು ಗಂಟೆ ವ್ಯತ್ಯಾಸ. ನಾನು ಒಂದು ಅರ್ಜಿಯಲ್ಲಿ ಇದನ್ನು ಉಲ್ಟಾ ಲೆಕ್ಕ ಹಾಕಿದ್ದೆ. ಇನ್ನೂ ಮೂರು ಗಂಟೆ ಇದೆ ಅಂತ ಆರಾಮಾಗಿ ಕೂತವನಿಗೆ ಫಾರ್ಮೇ ತೆರೆಯಲಿಲ್ಲ. ಫೀಸು ಮೊದಲೇ ಕಟ್ಟಿದ್ದೆ. ಅದು ವಾಪಸ್ ಬರಲ್ಲ.

ಸ್ಟೇಟ್‌ಮೆಂಟ್ ಆಫ್ ಪರ್ಪಸ್

ಎಲ್ಲರೂ ಎಸ್‌ಒಪಿ ಅನ್ನುತ್ತಾರೆ. ಇದು ಆತ್ಮಕಥೆ ಅಲ್ಲ. ನೀವು ಏನು ಮಾಡಿದ್ದೀರಿ, ಮುಂದೆ ಯಾವ ಪ್ರಶ್ನೆ ಹಿಡಿದು ಹೊರಟಿದ್ದೀರಿ, ಅದಕ್ಕೆ ಈ ವಿಭಾಗವೇ ಏಕೆ ಎಂದು ವಿಭಾಗದ ಪ್ರಾಧ್ಯಾಪಕರಿಗೆ ಹೇಳುವ ಎರಡು ಪುಟದ ಬರಹ. ಅವರು ಒಂದೇ ವಾರದಲ್ಲಿ ಇಂಥವನ್ನು ರಾಶಿಗಟ್ಟಲೆ ಓದುತ್ತಿರುತ್ತಾರೆ.

ನನ್ನ ಮೊದಲ ಕರಡು ಹೀಗೆ ಶುರುವಾಗಿತ್ತು: "ಚಿಕ್ಕಂದಿನಿಂದಲೂ ನನಗೆ ನದಿಗಳೆಂದರೆ ಬಹಳ ಕುತೂಹಲ." ಇದರಿಂದ ಓದುವವರಿಗೆ ಏನೂ ಸಿಗುವುದಿಲ್ಲ. ನದಿ ಕಂಡರೆ ಯಾರಿಗೆ ಕುತೂಹಲ ಇರಲ್ಲ ಹೇಳಿ? ಐದನೇ ಕರಡು ಹೀಗಿತ್ತು: "ನದಿಯ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳ ಮಾಹಿತಿಯಿಂದ ಪ್ರವಾಹದ ಮುನ್ಸೂಚನೆ ಕೊಡುವ ಮಾಡೆಲ್ ಕಟ್ಟಿದೆ. ಬೇರೆ ಹೊತ್ತಿನಲ್ಲಿ ಸರಿಯಾಗಿ ಹೇಳುತ್ತಿದ್ದ ಮಾಡೆಲ್, ಮಳೆ ಶುರುವಾದ ಮೊದಲ ಆರು ಗಂಟೆ ಮಾತ್ರ ತಪ್ಪುತ್ತಿತ್ತು. ಸೆನ್ಸರ್ ಕೆಟ್ಟಿದೆ ಅಂದುಕೊಂಡೆ. ನೋಡಿದರೆ, ಒಣಗಿದ ಮಣ್ಣು ಎಷ್ಟು ನೀರು ಹೀರುತ್ತದೆ ಎಂಬ ಲೆಕ್ಕವನ್ನೇ ನಾನು ಸೇರಿಸಿರಲಿಲ್ಲ."

ಎರಡನೆಯದರಲ್ಲಿ ನಾನು ದೊಡ್ಡದೇನೂ ಸಾಧಿಸಿಲ್ಲ, ತಪ್ಪನ್ನೇ ಹೇಳಿಕೊಂಡಿದ್ದೇನೆ. ಆದರೆ ಎಲ್ಲಿ ಎಡವಿದೆ, ಹೇಗೆ ಹುಡುಕಿದೆ ಅನ್ನುವುದು ಕಾಣುತ್ತದೆ. ಸಂಶೋಧನೆ ಅಂದರೆ ದಿನವೂ ಇದೇ ಕೆಲಸ. ಮುಂದಿನ ಪ್ಯಾರಾಕ್ಕೂ ತಾನಾಗಿಯೇ ದಾರಿ ಆಗುತ್ತದೆ: ಮಣ್ಣಿನ ತೇವವನ್ನು ಮಾಡೆಲ್ ಒಳಗೆ ತರುವುದು ಹೇಗೆ, ಆ ವಿಭಾಗದಲ್ಲಿ ಇದರ ಮೇಲೆ ಯಾರು ಕೆಲಸ ಮಾಡುತ್ತಿದ್ದಾರೆ.

ಪ್ರಾಧ್ಯಾಪಕರ ಹೆಸರು ಬರೆಯುವಾಗ ಹುಷಾರು. ಎರಡು ಮೂರು ಹೆಸರು ಸಾಕು. ಅವರು ನಿವೃತ್ತರಾಗಿಲ್ಲ, ಬೇರೆ ಕಡೆ ಹೋಗಿಲ್ಲ, ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆ ಅಂತ ಅವರ ಲ್ಯಾಬ್ ಪುಟದಲ್ಲಿ ನೋಡಿಕೊಳ್ಳಿ. ಮೊದಲೇ ಅವರಿಗೆ ಮೇಲ್ ಹಾಕಬೇಕಾ ಅನ್ನುವುದು ವಿಭಾಗದ ಪದ್ಧತಿಯನ್ನು ನೋಡಿ ಹೇಳಬೇಕಾದ ಮಾತು. ಕೆಲವು ಕಡೆ ಒಬ್ಬ ಪ್ರಾಧ್ಯಾಪಕರು ನಿಮ್ಮನ್ನು ಬೇಕು ಅಂದರೆ ಮಾತ್ರ ಸೀಟು. ಕೆಲವು ಕಡೆ ಸಮಿತಿ ಕೂತು ಆರಿಸುತ್ತದೆ. ಜೀವವಿಜ್ಞಾನದ ಹಲವು ಕೋರ್ಸುಗಳಲ್ಲಿ ಮೊದಲ ವರ್ಷ ಎರಡು ಮೂರು ಲ್ಯಾಬ್‌ಗಳಲ್ಲಿ ಸರದಿಯಂತೆ ಕೆಲಸ ಮಾಡಿ, ಆಮೇಲೆ ಗೈಡ್ ಆರಿಸಿಕೊಳ್ಳುತ್ತಾರೆ. ಅಲ್ಲಿ ಮೊದಲೇ ಮೇಲ್ ಹಾಕುವುದರಿಂದ ದೊಡ್ಡ ಪ್ರಯೋಜನವಿಲ್ಲ. ಮೇಲ್ ಹಾಕುವುದಾದರೆ ಐದಾರು ಸಾಲು ಸಾಕು. ಅವರ ಒಂದು ಪ್ರಬಂಧವನ್ನು ನಿಜವಾಗಿ ಓದಿ, ಒಂದು ಪ್ರಶ್ನೆ ಕೇಳಿ.

ಪರ್ಸನಲ್ ಸ್ಟೇಟ್‌ಮೆಂಟ್ ಎಂದು ಇನ್ನೊಂದನ್ನು ಕೇಳಿದರೆ, ನೀವು ನಡೆದುಬಂದ ದಾರಿ, ಎದುರಾದ ತೊಡಕು ಅಲ್ಲಿ ಬರಲಿ. ಎಸ್‌ಒಪಿಯನ್ನೇ ಸ್ವಲ್ಪ ತಿದ್ದಿ ಅಲ್ಲೂ ಹಾಕಬೇಡಿ. ಎರಡನ್ನೂ ಓದುವವರು ಅವರೇ.

ಶಿಫಾರಸು ಪತ್ರಗಳು

ಸಾಮಾನ್ಯವಾಗಿ ಮೂರು. ದೊಡ್ಡ ಹುದ್ದೆಯವರ ಸಣ್ಣ ಪತ್ರಕ್ಕಿಂತ, ನಿಮ್ಮ ಜೊತೆ ಕೂತು ಕೆಲಸ ಮಾಡಿಸಿದವರ ಪತ್ರಕ್ಕೆ ತೂಕ ಜಾಸ್ತಿ. "ಈ ವಿದ್ಯಾರ್ಥಿ ಶ್ರಮಜೀವಿ, ಸಮಯಕ್ಕೆ ಬರುತ್ತಾರೆ" ಅನ್ನುವ ಪತ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಒಬ್ಬರು ನನಗೆ ಹೇಳಿದರು: "ನೀನೇ ಬರೆದುಕೊಂಡು ಬಾರಪ್ಪ, ನಾನು ಸಹಿ ಮಾಡ್ತೀನಿ." ಬಹಳ ಜನರಿಗೆ ಇದು ಎದುರಾಗುತ್ತದೆ. ಒಪ್ಪಬೇಡಿ. ಸುಳ್ಳು ಅನ್ನುವುದು ಒಂದು ಕಡೆ. ನಿಮ್ಮ ಎಸ್‌ಒಪಿಯೂ ಪತ್ರವೂ ಒಂದೇ ದನಿಯಲ್ಲಿ ಇದ್ದರೆ ಓದುವವರಿಗೆ ಗೊತ್ತಾಗಿಬಿಡುತ್ತದೆ. ನಾನು ಒಂದು ಪುಟದ ಟಿಪ್ಪಣಿ ಕೊಟ್ಟೆ: ಅವರ ಹತ್ತಿರ ಯಾವ ಕೋರ್ಸ್ ಮಾಡಿದೆ, ಯಾವ ಪ್ರಾಜೆಕ್ಟ್, ಎಲ್ಲಿ ತಿದ್ದಿದರು, ಕೊನೆಗೆ ಏನಾಯಿತು. "ಸರ್, ನೆನಪಿಗೆ ಇದು. ಪತ್ರ ನಿಮ್ಮ ಮಾತಿನಲ್ಲೇ ಇರಲಿ" ಅಂದೆ. ಬರೆದುಕೊಟ್ಟರು. ಅವರಿಗೂ ಬೇಕಾಗಿದ್ದದ್ದು ನೆನಪೇ, ಕರಡಲ್ಲ.

ಫಾರ್ಮಿನಲ್ಲಿ ಒಂದು ಟಿಕ್ ಇರುತ್ತದೆ, ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಅಂತ. ಅಮೆರಿಕದಲ್ಲಿ 1974ರ ಫರ್ಪಾ ಕಾನೂನಿನಂತೆ ವಿದ್ಯಾರ್ಥಿಗೆ ತನ್ನ ಶಿಕ್ಷಣದ ದಾಖಲೆ ನೋಡುವ ಹಕ್ಕಿದೆ. ಸೇರಿದ ಮೇಲೆ ಈ ಪತ್ರಗಳೂ ಅದರಲ್ಲಿ ಬರುತ್ತವೆ. ಬಹುತೇಕರು ಹಕ್ಕು ಬಿಟ್ಟುಕೊಡುತ್ತಾರೆ, ನಾನೂ ಬಿಟ್ಟೆ. ವಿದ್ಯಾರ್ಥಿ ನೋಡುವುದಿಲ್ಲ ಅಂದಾಗ ಪತ್ರವನ್ನು ಹೆಚ್ಚು ನಂಬುತ್ತಾರೆ.

ಎರಡು ತಿಂಗಳು ಮುಂಚೆ ಕೇಳಿ. ಸಂಸ್ಥೆಯ ಮೇಲ್ ವಿಳಾಸವನ್ನೇ ಕೊಡಿ. ಹತ್ತು ದಿನ ಇರುವಾಗ ನೆನಪಿಸಿ, ಮೂರು ದಿನ ಇರುವಾಗ ಮತ್ತೆ ನೆನಪಿಸಿ. ನಾಚಿಕೆ ಬೇಡ.

ಅಂಕಪಟ್ಟಿ ಮತ್ತು ಪರೀಕ್ಷೆ

ಇದನ್ನು ಬೇಗ ಮುಗಿಸುತ್ತೇನೆ. ಅರ್ಜಿಯ ಹೊತ್ತಿಗೆ ಹೆಚ್ಚಿನ ಕಡೆ ಅಂಕಪಟ್ಟಿಯ ಸ್ಕ್ಯಾನ್ ಸಾಕು, ಮೂಲ ಪ್ರತಿ ಸೀಟು ಸಿಕ್ಕ ಮೇಲೆ. ಶೇಕಡಾವಾರು ಅಂಕಗಳನ್ನು ಅಮೆರಿಕದ 4.0 ಗ್ರೇಡ್ ಅಳತೆಗೆ ನೀವೇ ಬದಲಿಸಬೇಡಿ. ಕೇಳದಿದ್ದರೆ ಇದ್ದ ಹಾಗೇ ಬರೆಯಿರಿ, ಲೆಕ್ಕ ಅವರು ಹಾಕಿಕೊಳ್ಳುತ್ತಾರೆ. ನಿಮ್ಮದು ಮೂರು ವರ್ಷದ ಬ್ಯಾಚುಲರ್ ಆಗಿದ್ದರೆ ಫೀಸು ಕಟ್ಟುವ ಮುಂಚೆ ವಿಚಾರಿಸಿ. ಕೆಲವರು ಒಪ್ಪುತ್ತಾರೆ, ಕೆಲವರು ಇಲ್ಲ.

ಜಿಆರ್‌ಇ ಅನ್ನುವ ಪ್ರವೇಶ ಪರೀಕ್ಷೆ 2023ರ ಸೆಪ್ಟೆಂಬರ್‌ನಿಂದ ಚಿಕ್ಕದಾಗಿದೆ, ಈಗ 1 ಗಂಟೆ 58 ನಿಮಿಷ. ಅಂಕ 5 ವರ್ಷ ನಡೆಯುತ್ತದೆ. ಬಹಳಷ್ಟು ವಿಭಾಗಗಳು ಇದನ್ನು ಕೈಬಿಟ್ಟಿವೆ. ಆದರೆ "ಐಚ್ಛಿಕ" ಬೇರೆ, "ನೋಡುವುದೇ ಇಲ್ಲ" ಬೇರೆ. ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್, ಐಇಎಲ್‌ಟಿಎಸ್ ಅಂಕ 2 ವರ್ಷ ಮಾತ್ರ ನಡೆಯುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಡಿಗ್ರಿ ಮಾಡಿದ್ದರೆ ಕೆಲವು ಕಡೆ ವಿನಾಯಿತಿ ಉಂಟು, ಕೆಲವು ಕಡೆ ಪಟ್ಟಿಯಲ್ಲಿರುವ ದೇಶಗಳಿಗೆ ಮಾತ್ರ. ಇನ್ನೊಂದು ವಿಷಯ ತಪ್ಪಿಹೋಗುತ್ತದೆ. ಟೀಚಿಂಗ್ ಅಸಿಸ್ಟೆಂಟ್ (ಸಂಬಳ ಪಡೆದು ಪಾಠದಲ್ಲಿ ನೆರವಾಗುವ ವಿದ್ಯಾರ್ಥಿ) ಆಗಲು ಮಾತನಾಡುವ ಭಾಗದಲ್ಲಿ ಬೇರೆಯೇ ಕನಿಷ್ಠ ಅಂಕ ಇಟ್ಟಿರುತ್ತಾರೆ. ಒಟ್ಟು ಅಂಕ ಚೆನ್ನಾಗಿದ್ದೂ ಇಲ್ಲಿ ಸಿಕ್ಕಿಬಿದ್ದರೆ ಸೀಟು ಇರುತ್ತದೆ, ಸಂಬಳ ಇರಲ್ಲ.

ಹಣ: ದಾರಿ ಬೇರೆಯಾಗುವುದು ಇಲ್ಲಿ

ಪಿಎಚ್‌ಡಿಗೆ ಸಾಮಾನ್ಯವಾಗಿ ವಿಭಾಗವೇ ಟ್ಯೂಷನ್ ಮನ್ನಾ ಮಾಡಿ, ಮೇಲೆ ಸ್ಟೈಪೆಂಡ್ ಕೊಡುತ್ತದೆ. ಪಾಠ ಹೇಳಿದರೆ ಟಿಎ (ಟೀಚಿಂಗ್ ಅಸಿಸ್ಟೆಂಟ್), ಸಂಶೋಧನೆ ಮಾಡಿದರೆ ಆರ್‌ಎ (ರಿಸರ್ಚ್ ಅಸಿಸ್ಟೆಂಟ್). ಇಬ್ಬರಿಗೂ ಇದೆ. ಆದರೆ ಆ ಹಣ ಎಲ್ಲಿಂದ ಬರುತ್ತದೆ ಅನ್ನುವುದನ್ನು ನೋಡಿ. ನ್ಯಾಷನಲ್ ಸೈನ್ಸ್ ಫೌಂಡೇಷನ್ 1952ರಿಂದ ಕೊಡುತ್ತಿರುವ ಗ್ರಾಜುಯೇಟ್ ರಿಸರ್ಚ್ ಫೆಲೋಷಿಪ್ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ವೈದ್ಯಕೀಯ ಸಂಶೋಧನೆಯಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನ ಟ್ರೈನಿಂಗ್ ಗ್ರಾಂಟ್‌ಗಳೂ ಹಾಗೇ. ಇಂಥ ಹಣವನ್ನೇ ಹೆಚ್ಚು ನೆಚ್ಚಿಕೊಂಡ ವಿಭಾಗಗಳಲ್ಲಿ ಇಂಟರ್‌ನ್ಯಾಷನಲ್ ಸೀಟುಗಳು ಕಡಿಮೆ ಇರುವುದಕ್ಕೆ ಒಂದು ಕಾರಣ ಇದು. ನಿಮ್ಮ ಅಂಕಕ್ಕೂ ಅದಕ್ಕೂ ಸಂಬಂಧ ಇಲ್ಲದೆ ಇರಬಹುದು. ಅರ್ಜಿಗೆ ಮುಂಚೆ "ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹಣ ಎಲ್ಲಿಂದ?" ಎಂದು ವಿಭಾಗದ ಕಚೇರಿಗೆ ಒಂದು ಮೇಲ್ ಹಾಕಿ. ಉತ್ತರ ಕೊಡುತ್ತಾರೆ.

ಎಫ್-1 ವಿದ್ಯಾರ್ಥಿ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಟಿಎ, ಆರ್‌ಎ ಕೆಲಸಗಳು ಸಾಮಾನ್ಯವಾಗಿ ಸರಿಯಾಗಿ 20 ಗಂಟೆಯವೇ. ಅಂದರೆ ಸ್ಟೈಪೆಂಡ್ ಸಾಲದಿದ್ದರೆ ಲೈಬ್ರರಿಯಲ್ಲಿ ಇನ್ನೆರಡು ಗಂಟೆ ಕೂರುತ್ತೇನೆ ಅನ್ನುವ ಹಾಗಿಲ್ಲ. ಡೊಮೆಸ್ಟಿಕ್ ವಿದ್ಯಾರ್ಥಿಗೆ ವೀಸಾದ ಈ ಮಿತಿ ಇಲ್ಲ.

ಮಾಸ್ಟರ್ಸ್ ಬಹುಪಾಲು ಕೈಯಿಂದ ಹಣ ಹಾಕಿ ಮಾಡುವ ಓದು. ಡೊಮೆಸ್ಟಿಕ್ ವಿದ್ಯಾರ್ಥಿಗಳು ಫಾಫ್ಸಾ ಅನ್ನುವ ನೆರವಿನ ಅರ್ಜಿ ತುಂಬಿ ಫೆಡರಲ್ (ಕೇಂದ್ರ ಸರ್ಕಾರದ) ಸಾಲ ಪಡೆಯಬಹುದು. ಆದರೆ 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ ಎಂಬ ಫೆಡರಲ್ ಸಾಲ ಇಲ್ಲ. ಸಾಮಾನ್ಯ ಗ್ರಾಜುಯೇಟ್ ಕೋರ್ಸುಗಳಿಗೆ ವರ್ಷಕ್ಕೆ 20,500 ಡಾಲರ್ ಮಿತಿ. ಹಳೆಯ ಸೀನಿಯರ್‌ಗಳ ಲೆಕ್ಕ ಕೇಳಿ ಕೂರಬೇಡಿ. ಇಂಟರ್‌ನ್ಯಾಷನಲ್ ವಿದ್ಯಾರ್ಥಿಗೆ ಫಾಫ್ಸಾ ಅನ್ವಯಿಸುವುದಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಆ ರಾಜ್ಯದ ನಿವಾಸಿಗೆ ಒಂದು ಫೀಸು, ಹೊರಗಿನವರಿಗೆ ಅದಕ್ಕಿಂತ ಜಾಸ್ತಿ. ಬೇರೆ ರಾಜ್ಯದಿಂದ ಬಂದ ಡೊಮೆಸ್ಟಿಕ್ ವಿದ್ಯಾರ್ಥಿಯೂ ಹೊರಗಿನವರೇ.

ಆಫರ್ ಬಂದ ಮೇಲೆ

ಏಪ್ರಿಲ್ 15 ನೆನಪಿಡಿ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಒಂದು ಒಪ್ಪಂದವಿದೆ. ಸಹಿ ಹಾಕಿದ ವಿಶ್ವವಿದ್ಯಾಲಯಗಳು ಹಣಕಾಸಿನ ನೆರವಿರುವ ಆಫರ್‌ಗೆ ಅದಕ್ಕೂ ಮುಂಚೆ ಉತ್ತರ ಕೊಡಲೇಬೇಕು ಅನ್ನುವಂತಿಲ್ಲ. ನೆರವಿಲ್ಲದ ಬರೀ ಸೀಟಿಗೆ ಈ ರಕ್ಷಣೆ ಇಲ್ಲ. ಆಫರ್ ಪತ್ರದಲ್ಲಿ ಎಷ್ಟು ವರ್ಷಕ್ಕೆ ಹಣ, ಬೇಸಿಗೆ ತಿಂಗಳು ಸೇರಿದೆಯಾ, ಆರೋಗ್ಯ ವಿಮೆ ಯಾರು ಕಟ್ಟುತ್ತಾರೆ ಅಂತ ಓದಿ.

ಡೊಮೆಸ್ಟಿಕ್ ವಿದ್ಯಾರ್ಥಿಯ ಕಾಗದದ ಕೆಲಸ ಇಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಇಂಟರ್‌ನ್ಯಾಷನಲ್‌ಗೆ ಈಗ ಶುರು. ಮೊದಲ ವರ್ಷದ ಖರ್ಚಿಗೆ ಹಣ ಇದೆ ಎಂದು ತೋರಿಸಬೇಕು. ಅಸಿಸ್ಟೆಂಟ್‌ಶಿಪ್ (ಟಿಎ, ಆರ್‌ಎ) ಪತ್ರ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಆಗ ವಿಶ್ವವಿದ್ಯಾಲಯ ಐ-20 ಕಳಿಸುತ್ತದೆ, ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಪತ್ರ ಅದು. ಆಮೇಲೆ 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಫೀಸು, ಡಿಎಸ್-160 ಎಂಬ ವೀಸಾ ಅರ್ಜಿ ಫಾರ್ಮ್, 185 ಡಾಲರ್ ವೀಸಾ ಅರ್ಜಿ ಫೀಸು, ಸಂದರ್ಶನ. ಫೀಸುಗಳು ಬದಲಾಗುತ್ತಿರುತ್ತವೆ, ಕಟ್ಟುವ ದಿನವೇ ಸರ್ಕಾರಿ ತಾಣದಲ್ಲಿ ನೋಡಿ. ಐ-20ಯಲ್ಲಿರುವ ಆರಂಭದ ದಿನಕ್ಕೆ 30 ದಿನಕ್ಕಿಂತ ಮೊದಲು ದೇಶದೊಳಗೆ ಕಾಲಿಡುವಂತಿಲ್ಲ, ಟಿಕೆಟ್ ಅದರಂತೆ ಮಾಡಿಸಿ.

ಐ-20ಯಲ್ಲಿ ಕೋರ್ಸಿನ ಪಕ್ಕ ಒಂದು ಆರಂಕಿಯ ಸಿಐಪಿ ಕೋಡ್ ಇರುತ್ತದೆ, ಕೋರ್ಸು ಯಾವ ವಿಷಯಕ್ಕೆ ಸೇರಿದ್ದು ಎಂದು ಹೇಳುವ ಸಂಖ್ಯೆ. ಓದು ಮುಗಿದ ಮೇಲೆ 12 ತಿಂಗಳ ಓಪಿಟಿ (ಎಫ್-1 ವೀಸಾದಲ್ಲೇ ಓದಿದ ವಿಷಯದಲ್ಲಿ ಕೆಲಸ ಮಾಡುವ ಅನುಮತಿ) ಕೆಲಸಕ್ಕೆ ಇನ್ನೂ 24 ತಿಂಗಳು ಸೇರುತ್ತದೋ ಇಲ್ಲವೋ ಎಂಬುದಕ್ಕೆ ಮೊದಲು ನೋಡುವುದು ಈ ಕೋಡನ್ನು. ಅದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಇರಬೇಕು. ಹೆಸರು ಒಂದೇ ಥರ ಇರುವ ಎರಡು ಕೋರ್ಸುಗಳ ಕೋಡ್ ಬೇರೆ ಬೇರೆ ಇರಬಹುದು. ಒಪ್ಪಿಕೊಳ್ಳುವ ಮೊದಲೇ ಕೇಳಿ.

ಕೊನೆಗೆ ಹೆಸರು. ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಇದ್ದರೆ ಪ್ರವೇಶ ಕಚೇರಿಗೆ ಮೊದಲೇ ತಿಳಿಸಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಅಚ್ಚಾಗುತ್ತದೆ, ಅಂದರೆ ಫಸ್ಟ್ ನೇಮ್ ಅನ್‌ನೋನ್. ಮೊದಲ ದಿನ ಕ್ಲಾಸಿನಲ್ಲಿ ಯಾರಾದರೂ "ಫನೂ" ಅಂತ ಕೂಗಿದರೆ ಕೈ ಎತ್ತಿ, ಅದು ನೀವೇ.