ಬ್ರೇಕ್ ಪಾಠ: ಘಾಟಿ ಇಳಿಯುವ ಗಾಡಿಯನ್ನು ಮುಂದಿಟ್ಟುಕೊಂಡು

ಐಟಿಐನಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡ್ ಓದುತ್ತಿರುವ ನನ್ನಂಥವರಿಗಾಗಿ ಈ ಟಿಪ್ಪಣಿ. ಹತ್ತನೇ ತರಗತಿ ಮುಗಿಸಿ ಸೇರುವ ಎರಡು ವರ್ಷದ ಕೋರ್ಸ್ ಇದು. ಎಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್, ವೈರಿಂಗ್ ಎಲ್ಲಾ ಇದೆ. ನಾನು ಇಲ್ಲಿ ಬ್ರೇಕ್ ಒಂದನ್ನೇ ಎತ್ತಿಕೊಂಡಿದ್ದೇನೆ. ಅದಕ್ಕೆ ಕಾರಣ ನಮ್ಮ ಜಿಲ್ಲೆ. ಕೊಡಗಿಗೆ ರೈಲು ಇಲ್ಲ. ಕಾಫಿ ಮೂಟೆಯಿಂದ ಹಿಡಿದು ಶಾಲೆ ಮಕ್ಕಳವರೆಗೆ ಎಲ್ಲರೂ, ಎಲ್ಲವೂ ಟೈರಿನ ಮೇಲೆಯೇ ಓಡಾಡಬೇಕು. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಸಂಪಾಜೆ ಕಡೆ ಹೋದರೂ ಇಳಿಜಾರು, ವಿರಾಜಪೇಟೆಯಿಂದ ಮಾಕುಟ್ಟ ಕಡೆ ಹೋದರೂ ಇಳಿಜಾರು. ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಇಳಿಜಾರು ಮತ್ತು ಮಳೆ, ಈ ಎರಡೂ ಬ್ರೇಕಿಗೆ ಏನು ಮಾಡುತ್ತವೆ ಅಂತ ಅರ್ಥವಾದರೆ ಪಾಠದ ಮುಕ್ಕಾಲು ಭಾಗ ತಲೆಗೆ ಹೋದ ಹಾಗೆ.

ಮೊದಲು ಬಿಸಿಯ ಲೆಕ್ಕ

ಬ್ರೇಕ್ ಗಾಡಿಯನ್ನು "ಹಿಡಿಯುತ್ತದೆ" ಅಂತ ನಾವು ಹೇಳುತ್ತೇವೆ. ನಿಜವಾಗಿ ಅದು ಮಾಡುವ ಕೆಲಸ ಬೇರೆ. ಗಾಡಿಯ ಓಟದಲ್ಲಿರುವ ಶಕ್ತಿಯನ್ನು ಬಿಸಿಯಾಗಿ ಬದಲಾಯಿಸಿ ಗಾಳಿಗೆ ಬಿಡುತ್ತದೆ. ಸಮತಟ್ಟು ರಸ್ತೆಯಲ್ಲಿ ಇದು ಸುಲಭ. ಒಂದು ಸಲ ನಿಲ್ಲಿಸಿದರೆ ಆಯಿತು, ಆಮೇಲೆ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ, ಇದನ್ನು ಎರಡು ಕಡೆಯಿಂದ ಪ್ಯಾಡ್‌ಗಳು ಒತ್ತಿ ಹಿಡಿಯುತ್ತವೆ) ತಣ್ಣಗಾಗಲು ಸಮಯ ಸಿಗುತ್ತದೆ. ಘಾಟಿಯಲ್ಲಿ ಹಾಗಲ್ಲ. ಎತ್ತರದಲ್ಲಿರುವ ಗಾಡಿಗೆ ಎತ್ತರದಿಂದಲೇ ಶಕ್ತಿ ಇರುತ್ತದೆ. ಇಳಿಯುತ್ತಾ ಹೋದಂತೆ ಅದು ಬರುತ್ತಲೇ ಇರುತ್ತದೆ.

ಲೆಕ್ಕ ಮಾಡಿ ನೋಡೋಣ. ಜನ ಕೂತ ಕಾರಿನ ತೂಕ 1,500 ಕೆಜಿ, ಇಳಿಯುವ ಎತ್ತರ 500 ಮೀಟರ್ ಅಂತ ಇಟ್ಟುಕೊಳ್ಳಿ. 1,500 ಗುಣಿಸು 9.8 ಗುಣಿಸು 500. ಉತ್ತರ 73,50,000 ಜೂಲ್. ಇಷ್ಟು ಬಿಸಿಯಲ್ಲಿ 20 ಡಿಗ್ರಿಯ ತಣ್ಣೀರು ಸುಮಾರು 22 ಲೀಟರ್ ಕುದಿಯುವ ಮಟ್ಟಕ್ಕೆ ಬರುತ್ತದೆ. ಬಚ್ಚಲು ಮನೆ ಹಂಡೆಗೆ ಬೆಳಿಗ್ಗೆ ಎಷ್ಟು ಸೌದೆ ಹಾಕುತ್ತೀರಿ ಅಂತ ನೆನಪಿಸಿಕೊಳ್ಳಿ. ಆ ಬೆಂಕಿಯ ಕೆಲಸ ಇಲ್ಲಿ ಅಂಗೈ ಅಗಲದ ಪ್ಯಾಡ್‌ಗಳ ಮೇಲೆ ಬೀಳುತ್ತದೆ.

ಇನ್ನೊಂದು ರೀತಿಯಲ್ಲೂ ನೋಡಬಹುದು. ಅದೇ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಶಕ್ತಿ ಸುಮಾರು 2,08,000 ಜೂಲ್. ಅಂದರೆ 500 ಮೀಟರ್ ಇಳಿಯುವುದು, 60ರ ವೇಗದಿಂದ ಪೂರ್ತಿ ನಿಲ್ಲಿಸುವುದನ್ನು 35 ಸಲ ಮಾಡಿದ್ದಕ್ಕೆ ಸಮ. ಸ್ವಲ್ಪ ಭಾಗವನ್ನು ಗಾಳಿಯ ತಡೆ ಮತ್ತು ಟೈರ್ ತಿನ್ನುತ್ತವೆ. ಉಳಿದದ್ದನ್ನು ಎಂಜಿನ್ ಹಂಚಿಕೊಳ್ಳಬೇಕು, ಇಲ್ಲದಿದ್ದರೆ ಬ್ರೇಕೇ ಹೊರಬೇಕು. ಹತ್ತುವ ಗೇರಿನಲ್ಲೇ ಇಳಿಯಬೇಕು ಅಂತ ಹಳೆಯ ಡ್ರೈವರುಗಳು ಹೇಳುವುದು ಇದಕ್ಕೇ.

ನ್ಯೂಟ್ರಲ್ ಹಾಕಿ ಇಳಿಸಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ತುಂಬಾ ಜನರಿಗಿದೆ. ಇಂಜೆಕ್ಷನ್ ಇರುವ ಗಾಡಿಯಲ್ಲಿ ಇದು ತಪ್ಪು. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಇಂಧನ ಬಿಡುವುದನ್ನೇ ನಿಲ್ಲಿಸುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ತಾನಾಗಿ ತಿರುಗಲು ಇಂಧನ ಕುಡಿಯುತ್ತಲೇ ಇರುತ್ತದೆ. ಕೆಲವರು ಕೀ ಕೂಡ ಆಫ್ ಮಾಡುತ್ತಾರೆ. ಪೆಡಲ್ ಒತ್ತಲು ನೆರವಾಗುವ ಬೂಸ್ಟರ್ ಎಂಜಿನ್ನಿನ ವ್ಯಾಕ್ಯೂಮ್‌ನಿಂದ (ಗಾಳಿ ಹೀರುವ ಎಳೆತದಿಂದ) ಕೆಲಸ ಮಾಡುತ್ತದೆ, ಆಗ ಅದಕ್ಕೆ ಹೊಸ ವ್ಯಾಕ್ಯೂಮ್ ಬರುವುದಿಲ್ಲ. ಉಳಿದದ್ದು ಎರಡು ಮೂರು ಸಲ ಒತ್ತುವಷ್ಟಕ್ಕೆ ಮುಗಿಯುತ್ತದೆ, ಪೆಡಲ್ ಕಲ್ಲಿನಂತೆ ಆಗುತ್ತದೆ. ಪವರ್ ಸ್ಟೀರಿಂಗ್ ಕೂಡ ಹೋಗುತ್ತದೆ. ಗ್ಯಾರೇಜಿಗೆ ಬಂದವರಿಗೆ ಇದನ್ನು ದಯವಿಟ್ಟು ತಿಳಿಸಿ ಹೇಳಿ. ಇದೂ ನಮ್ಮ ಕೆಲಸವೇ.

ಕಾಲಿನ 20 ಕೆಜಿ ಹೇಗೆ 500 ಕೆಜಿ ಆಗುತ್ತದೆ

ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಅನ್ನುವ ಪಾಸ್ಕಲ್ ನಿಯಮ ಬಾಯಿಪಾಠ ಮಾಡುವ ಬದಲು ಒಂದು ಉದಾಹರಣೆ ಬಿಡಿಸಿ. ಪೆಡಲ್ ಒಂದು ಸನ್ನೆಕೋಲು (ಲಿವರ್), ಕಾಲಿನ ಬಲವನ್ನು 4 ಪಟ್ಟು ಮಾಡುತ್ತದೆ ಅಂತ ಇಟ್ಟುಕೊಳ್ಳಿ. ಕಾಲು 20 ಕೆಜಿ ಒತ್ತಿದರೆ, ಪೆಡಲಿನಿಂದ ದ್ರವವನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರಿಗೆ 80 ಕೆಜಿ. ಮಾಸ್ಟರ್ ಪಿಸ್ಟನ್ನಿನ ವ್ಯಾಸ 20 ಮಿಮೀ, ಕ್ಯಾಲಿಪರ್ (ಚಕ್ರದ ಬಳಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಿಸ್ಟನ್ನಿನ ವ್ಯಾಸ 50 ಮಿಮೀ ಇರಲಿ. ವಿಸ್ತೀರ್ಣ ವ್ಯಾಸದ ವರ್ಗದಂತೆ ಬೆಳೆಯುತ್ತದೆ, ಹಾಗಾಗಿ 2,500 ಭಾಗಿಸು 400, ಅಂದರೆ 6.25 ಪಟ್ಟು. 80 ಗುಣಿಸು 6.25, ಉತ್ತರ 500 ಕೆಜಿ. ಬೂಸ್ಟರಿನ ಸಹಾಯ ಇದಕ್ಕೆ ಮೇಲೆ ಸೇರುತ್ತದೆ.

ಬಲ ಜಾಸ್ತಿ ಆದಷ್ಟೂ ಚಲನೆ ಕಡಿಮೆ ಆಗುತ್ತದೆ. ಇದನ್ನು ಅಂಡರ್‌ಲೈನ್ ಮಾಡಿಕೊಳ್ಳಿ. ಕ್ಯಾಲಿಪರ್ ಪಿಸ್ಟನ್ ಕೂದಲೆಳೆಯಷ್ಟು ಸರಿಯಲು ಪೆಡಲ್ ಅದರ ಹತ್ತಾರು ಪಟ್ಟು ಇಳಿಯಬೇಕು. ಹಾಗಾಗಿ ಪೈಪಿನಲ್ಲಿ ಸಣ್ಣ ಗಾಳಿ ಗುಳ್ಳೆ ಇದ್ದರೂ ಪೆಡಲಿನ ಓಟವೆಲ್ಲ ಆ ಗುಳ್ಳೆಯನ್ನು ಅದುಮುವುದರಲ್ಲೇ ಮುಗಿದುಹೋಗುತ್ತದೆ. ದ್ರವವನ್ನು ಅದುಮಲು ಆಗುವುದಿಲ್ಲ, ಗಾಳಿಯನ್ನು ಆಗುತ್ತದೆ. ಇಡೀ ಹೈಡ್ರಾಲಿಕ್ ಬ್ರೇಕ್ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಬ್ರೇಕ್ ಆಯಿಲ್ ಆಯಿಲ್ ಅಲ್ಲ

ಅಂಗಡಿಯಲ್ಲೂ ಗ್ಯಾರೇಜಿನಲ್ಲೂ ಎಲ್ಲರೂ ಬ್ರೇಕ್ ಆಯಿಲ್ ಅಂತಲೇ ಕೇಳುತ್ತಾರೆ. ನಾನೂ ಹಾಗೇ ಬರೆಯುತ್ತೇನೆ. ಆದರೆ ಟಿನ್ ಮೇಲೆ ಬರೆದಿರುವ ಡಾಟ್ 3, ಡಾಟ್ 4 ದರ್ಜೆಗಳು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಇದಕ್ಕೆ ಎಂಜಿನ್ ಆಯಿಲ್ ತಾಗಿದರೆ ಸಿಲಿಂಡರಿನ ರಬ್ಬರ್ ಸೀಲ್‌ಗಳು ಊದಿಕೊಳ್ಳುತ್ತವೆ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ, ಕೂಡಲೇ ನೀರು ಹಾಕಿ ತೊಳೆಯಬೇಕು.

ಇದರ ದೊಡ್ಡ ಗುಣ, ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುವುದು. ಹೊಸ ಡಾಟ್ 3 ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ಡಾಟ್ 4ಕ್ಕೆ 230. ಅದೇ ದ್ರವ ಸುಮಾರು 3.7 ಶೇಕಡಾ ನೀರು ಹೀರಿದ ಮೇಲೆ ಅಳೆದರೆ ಡಾಟ್ 3ರ ಮಿತಿ 140, ಡಾಟ್ 4ರದ್ದು 155. ಪರೀಕ್ಷೆಯಲ್ಲಿ ಡ್ರೈ, ವೆಟ್ ಬಾಯ್ಲಿಂಗ್ ಪಾಯಿಂಟ್ ಅಂತ ಕೇಳುವುದು ಇದನ್ನೇ. ನಾಲ್ಕು ಅಂಕಿಯನ್ನೂ ನೆನಪಿಡಿ. ಕುದ್ದರೆ ಪೈಪಿನಲ್ಲಿ ಆವಿ ಗುಳ್ಳೆ ಏಳುತ್ತದೆ, ಅದೂ ಗಾಳಿಯಂತೆ ಅದುಮಿಹೋಗುತ್ತದೆ. ಡಾಟ್ 5 ಮಾತ್ರ ಸಿಲಿಕೋನ್, ಅದನ್ನು ಉಳಿದವುಗಳ ಜೊತೆ ಬೆರೆಸಬಾರದು. ಡಾಟ್ 5.1 ಮತ್ತೆ ಗ್ಲೈಕಾಲ್ ಗುಂಪಿಗೇ ಸೇರಿದ್ದು. ಹೆಸರು ನೋಡಿ ಮೋಸ ಹೋಗಬೇಡಿ.

ಈಗ ನಮ್ಮ ಮಳೆಗಾಲ ಯೋಚಿಸಿ. ಗೋಡೆ ಬೆವರುತ್ತದೆ, ಬಟ್ಟೆ ವಾರವಾದರೂ ಒಣಗುವುದಿಲ್ಲ. ಅಂಥ ಕಡೆ ಮುಚ್ಚಳ ತೆಗೆದ ಬ್ರೇಕ್ ಆಯಿಲ್ ಟಿನ್ ಶೆಲ್ಫ್ ಮೇಲೆ ತಿಂಗಳುಗಟ್ಟಲೆ ಇದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಸಣ್ಣ ಸೀಲ್ಡ್ ಟಿನ್ ತನ್ನಿ, ಅವತ್ತೇ ಮುಗಿಸಿ.

ನನಗೆ ಇದು ತಲೆಗೆ ಹತ್ತಿದ್ದು ಒಂದು ಪಿಕಪ್‌ನಿಂದ. ರಜೆಯಲ್ಲಿ ನಾನು ಕೆಲಸ ಕಲಿಯಲು ಹೋಗುತ್ತಿದ್ದ ಗ್ಯಾರೇಜಿಗೆ ಅದು ಬಂತು. ಲೋಡ್ ಹಾಕಿಕೊಂಡು ಸುಳ್ಯ ಕಡೆ ಇಳಿಯುವಾಗ ಪೆಡಲ್ ನೆಲಕ್ಕೆ ಹೋಯಿತಂತೆ. ಡ್ರೈವರ್ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದ್ದರು. ನಾನು ಪೆಡಲ್ ಒತ್ತಿ ನೋಡಿದೆ. ಗಟ್ಟಿಯಾಗಿಯೇ ಇತ್ತು. ಲೀಕ್ ಇಲ್ಲ, ಲೈನರ್ (ಡ್ರಮ್ ಬ್ರೇಕಿನಲ್ಲಿ ಉಜ್ಜುವ ಪಟ್ಟಿ) ಇದೆ, ಆಯಿಲ್ ಲೆವೆಲ್ ಸರಿ ಇದೆ. "ಏನೂ ತೊಂದರೆ ಇಲ್ಲ ಅಣ್ಣ" ಅಂದುಬಿಟ್ಟೆ. ಮೇಸ್ತ್ರಿ ಕೇಳಿಸಿಕೊಂಡು ಹತ್ತಿರ ಬಂದರು. "ನಿಂತ ಮೇಲೆ ಎಷ್ಟು ಹೊತ್ತಿಗೆ ಪೆಡಲ್ ವಾಪಸ್ ಬಂತು?" ಅಂತ ಡ್ರೈವರನ್ನು ಕೇಳಿದರು. ಅರ್ಧ ಗಂಟೆ ಅಂದರು. ಮೇಸ್ತ್ರಿ ನನ್ನ ಕಡೆ ತಿರುಗಿ, "ಆಯಿಲ್ ಕುದ್ದಿದೆ ಮಾರಾಯ. ತಣ್ಣಗಾದ ಮೇಲೆ ಆವಿ ಮತ್ತೆ ನೀರಾಗುತ್ತೆ. ಈಗ ಒತ್ತಿದರೆ ನಿನಗೇನು ಗೊತ್ತಾಗುತ್ತೆ?" ಅಂದರು.

ಚಕ್ರದ ಬಳಿ ಆಯಿಲ್ ಹೊರಬಿಡಲು ಇರುವ ನಿಪ್ಪಲ್ ಬಿಚ್ಚಿದಾಗ ಬಂದದ್ದು ಬೆಲ್ಲದ ಕಾಫಿ ಬಣ್ಣದ ಆಯಿಲ್. ಹೊಸದು ತೆಳು ಜೇನಿನ ಬಣ್ಣದಲ್ಲಿರುತ್ತದೆ. ಕೊನೆಯದಾಗಿ ಯಾವಾಗ ಬದಲಾಯಿಸಿದ್ದು ಅಂತ ಡ್ರೈವರಿಗೂ ನೆನಪಿರಲಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಬಣ್ಣ ಒಂದನ್ನೇ ನಂಬಬೇಡಿ, ನೀರಿಗೆ ಬಣ್ಣವಿಲ್ಲವಲ್ಲ. ಪೆನ್ನಿನಂತಿರುವ ತೇವ ಅಳೆಯುವ ಟೆಸ್ಟರ್ ಸಿಗುತ್ತದೆ, ಅದನ್ನು ಅದ್ದಿ ನೋಡುವುದು ಒಳ್ಳೆಯದು. ಆ ಡ್ರೈವರನ್ನು ನನ್ನ ಮಾತು ನಂಬಿ ಹಾಗೇ ಕಳಿಸಿದ್ದರೆ ಅನ್ನುವುದು ಈಗಲೂ ಮನಸ್ಸಿಗೆ ಬರುತ್ತದೆ. ಅಂದಿನಿಂದ ಪೆಡಲ್ ಮುಟ್ಟುವ ಮೊದಲು ನಾನು ಮೂರು ಪ್ರಶ್ನೆ ಕೇಳುತ್ತೇನೆ. ಎಲ್ಲಿ ಆಯಿತು, ಗಾಡಿ ಎಷ್ಟು ಹೊತ್ತಿನಿಂದ ಇಳಿಯುತ್ತಿತ್ತು, ಆಮೇಲೆ ತಾನಾಗಿ ಸರಿಹೋಯಿತೇ.

ಪೆಡಲ್ ಹೇಳುವುದನ್ನು ಓದುವುದು

ಘಾಟಿಯಲ್ಲಿ ಬ್ರೇಕ್ ಹಿಡಿಯಲಿಲ್ಲ ಅನ್ನುವ ಒಂದೇ ದೂರಿನ ಹಿಂದೆ ಬೇರೆ ಬೇರೆ ಕಾಯಿಲೆ ಇರುತ್ತವೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋದರೆ ಆಯಿಲ್ ಕುದ್ದಿದೆ, ಇದು ವೇಪರ್ ಲಾಕ್. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ, ಸುಟ್ಟ ವಾಸನೆ ಬಂದಿದ್ದರೆ ಅದು ಫೇಡ್. ಪ್ಯಾಡಿನಲ್ಲಿ ಪುಡಿಯನ್ನು ಹಿಡಿದಿಡುವ ಅಂಟು ಅತಿ ಬಿಸಿಗೆ ಅನಿಲ ಬಿಡುತ್ತದೆ, ಹಿಡಿತ ಕಡಿಮೆ ಆಗುತ್ತದೆ. ಪೆಡಲ್ ಕಲ್ಲಿನಂತಿದ್ದು ವಾಸನೆ ಇಲ್ಲದಿದ್ದರೆ ಬೂಸ್ಟರ್ ನೋಡಿ. ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಒತ್ತಿ ವ್ಯಾಕ್ಯೂಮ್ ಖಾಲಿ ಮಾಡಿ. ಕಾಲು ಪೆಡಲಿನ ಮೇಲೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಗಾಡಿ ನಿಂತಿದ್ದಾಗಲೇ ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಇಳಿಯುತ್ತಾ ಹೋದರೆ, ಹೊರಗೆ ಲೀಕ್ ಕೂಡ ಕಾಣದಿದ್ದರೆ, ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಮೇಲೆ ಅನುಮಾನ ಪಡಿ.

ಡಿಸ್ಕ್ ಬದಲು ಡ್ರಮ್ (ಒಳಗಿನಿಂದ ಲೈನರ್ ಒತ್ತುವ ಟೊಳ್ಳು ಡಬ್ಬಿ) ಇರುವ ಚಕ್ರದಲ್ಲಿ ಇನ್ನೊಂದು ವಿಷಯವಿದೆ. ಬಿಸಿಯಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಪೆಡಲ್ ಓಟ ಹೆಚ್ಚುತ್ತದೆ. ಡಿಸ್ಕ್ ಹಿಗ್ಗಿದರೆ ಪ್ಯಾಡಿನ ಕಡೆಗೇ ಬರುತ್ತದೆ, ಗಾಳಿಗೂ ತೆರೆದಿರುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುತ್ತದೆ, ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಎಷ್ಟೋ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವುದಕ್ಕೆ ಇದೇ ಕಾರಣ.

ಲಾರಿ, ಬಸ್ಸುಗಳ ಏರ್ ಬ್ರೇಕ್ ಬೇರೆಯೇ ಪಾಠ. ಸದ್ಯಕ್ಕೆ ಒಂದು ಮಾತು ಸಾಕು: ಗಾಳಿ ತುಂಬಿಡುವ ಟ್ಯಾಂಕಿನಲ್ಲಿ ಸೇರುವ ನೀರನ್ನು ಮಳೆಗಾಲದಲ್ಲಿ ದಿನಾ ಹೊರಬಿಡಬೇಕು.

ಏರ್ ತೆಗೆಯುವುದು

ಇದಕ್ಕೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡುವುದು ಹಳೆಯ ರೂಢಿ. ನಮ್ಮ ಬಲಗಡೆ ಸ್ಟೀರಿಂಗ್ ಗಾಡಿಗಳಲ್ಲಿ ಅದು ಹಿಂದಿನ ಎಡ ಚಕ್ರ. ಆದರೆ ಪೈಪುಗಳು ಓರೆಯಾಗಿ ಹಂಚಿರುವ ಕಾರುಗಳಲ್ಲಿ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗಳಲ್ಲಿ ಕ್ರಮ ಬೇರೆ ಇರಬಹುದು. ಮ್ಯಾನುಯಲ್ ತೆರೆದು ನೋಡಿ. ಪಾರದರ್ಶಕ ಪೈಪ್ ನಿಪ್ಪಲಿಗೆ ಸಿಕ್ಕಿಸಿ, ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ನಿಪ್ಪಲ್ ಬಿಚ್ಚಿ, ಗುಳ್ಳೆ ಹೋದ ಮೇಲೆ ಬಿಗಿದು "ಬಿಡು" ಅನ್ನಬೇಕು. ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಮಾಸ್ಟರ್ ಸಿಲಿಂಡರ್ ಮೇಲಿನ ಆಯಿಲ್ ಡಬ್ಬಿ ಖಾಲಿಯಾಗಲು ಬಿಡಲೇಬಾರದು. ಬಾಟಲಿಗೆ ಬಂದ ಆಯಿಲನ್ನು ಮತ್ತೆ ಸುರಿಯಲೂಬಾರದು.

ಎಷ್ಟು ಸಲ ತೆಗೆದರೂ ಗುಳ್ಳೆ ಹೋಗುತ್ತಿಲ್ಲವೇ? ಕ್ಯಾಲಿಪರಿನ ನಿಪ್ಪಲ್ ಮೇಲಕ್ಕಿದೆಯೇ ನೋಡಿ. ಎಡ ಬಲ ಅದಲು ಬದಲಾಗಿ ಕೂತಿದ್ದರೆ ನಿಪ್ಪಲ್ ಕೆಳಗೆ ಬರುತ್ತದೆ, ಗಾಳಿ ಮೇಲೆಯೇ ಉಳಿಯುತ್ತದೆ. ಕ್ಯಾಲಿಪರ್ ಬಿಚ್ಚಿದಾಗ ಅದರ ಜಾರುವ ಪಿನ್ನುಗಳನ್ನು ಕ್ಲೀನ್ ಮಾಡಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿ. ಎಸ್ಟೇಟ್ ರಸ್ತೆಯ ಕೆಂಪು ಮಣ್ಣು ಅಲ್ಲಿ ಸೇರಿ ಪಿನ್ ಹಿಡಿದುಕೊಂಡರೆ ಒಂದು ಕಡೆಯ ಪ್ಯಾಡ್ ಮಾತ್ರ ಸವೆಯುತ್ತದೆ. ಡ್ರಮ್ ಒಳಗಿನ ಧೂಳನ್ನು ಏರ್ ಗನ್‌ನಿಂದ ಊದಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಕೊನೆಗೆ ಮಳೆಗಾಲದಲ್ಲಿ ಹೆಚ್ಚಾಗಿ ಬರುವ ಒಂದು ದೂರು. ಬೆಳಿಗ್ಗೆ ಗಾಡಿ ತೆಗೆದ ಕೂಡಲೇ ಬ್ರೇಕ್ ಕರಕರ ಅನ್ನುತ್ತದೆ, ನಾಲ್ಕೈದು ಸಲ ಒತ್ತಿದ ಮೇಲೆ ಶಬ್ದ ನಿಲ್ಲುತ್ತದೆ. ರಾತ್ರಿಯ ತೇವಕ್ಕೆ ಡಿಸ್ಕ್ ಮೇಲೆ ತೆಳು ತುಕ್ಕು ಕೂತಿರುತ್ತದೆ, ಪ್ಯಾಡ್ ಅದನ್ನು ಉಜ್ಜಿ ತೆಗೆಯುತ್ತದೆ, ಅಷ್ಟೇ. ಆದರೂ ಚಕ್ರ ಬಿಚ್ಚಿ, ಪ್ಯಾಡಿನ ದಪ್ಪ ನೋಡಿ. ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದು, ಅದರ ಮೇಲೆ ಅಥವಾ ಮ್ಯಾನುಯಲ್‌ನಲ್ಲಿ ಕೊಟ್ಟಿರುವ ಕನಿಷ್ಠ ಅಳತೆಗೆ ಹೋಲಿಸಿ. ಎರಡೂ ಸರಿ ಇದ್ದರೆ ಯಾವ ಪಾರ್ಟೂ ಬದಲಾಯಿಸದೆ ಗಾಡಿ ವಾಪಸ್ ಕೊಡಿ.